ಬೊಳ್ಳಮ್ಮನ ಪಾಲಿಗೆ ಬಂದ ದೀಪದ ಬೋರ್ಡು

ವಿರಾಜಪೇಟೆಯಲ್ಲಿ ಕಾಫಿ ಬೀಜ ಹದಮಾಡುವ ಆ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೊಳ್ಳಮ್ಮನ ಬಾಯಿಗೆ ಹೆದರದವರಿರಲಿಲ್ಲ. ಆಫೀಸಿನ ಹೆಡ್ ರೈಟರ್ ಪೊನ್ನಪ್ಪನವರಂಥ ಹಿರಿಯರೂ ಟೆಲಿಫೋನ್ ಎತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಏಕೆಂದರೆ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸುವವಳು ಅವಳು. ಗಾಳಿಬೀಡಿನ ಗೌಡರ ಮನೆಯ ಹೆಣ್ಣು. ಎಳವೆಯಲ್ಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಅಕ್ಕನ ಮನೆಯ ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಬಿದ್ದಿದ್ದವಳನ್ನು ಹಿಂದಿನ ಮ್ಯಾನೇಜರು ಕರೆಸಿ ಕೆಲಸ ಕೊಟ್ಟಿದ್ದರು. ಕನ್ನಡ, ಕೊಡವ, ಮಲಯಾಳ, ತಮಿಳು ನಾಲ್ಕರಲ್ಲೂ ಸಲೀಸಾಗಿ ಜಗಳವಾಡಬಲ್ಲಳು ಎಂಬುದೇ ಅವಳಿಗಿದ್ದ ಯೋಗ್ಯತೆ. ಆ ಊರಿನ ಟೆಲಿಫೋನಿಗೆ ಅಷ್ಟು ಯೋಗ್ಯತೆ ಧಾರಾಳವಾಯಿತು.

ಹಳೆಯ ಬೋರ್ಡು ಒಂದು ಮರದ ಪೆಟ್ಟಿಗೆ. ಗೋದಾಮಿನಲ್ಲಿ ಯಾರಾದರೂ ಟೆಲಿಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಗೋದಾಮಿನ ಹಿತ್ತಾಳೆ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಬೊಳ್ಳಮ್ಮ ಬೆರಳು ಓಡಿಸಿ, ಬಿದ್ದ ಮುಚ್ಚಳದ ಕೆಳಗಿನ ತೂತಿಗೆ ವೈರಿನ ತುದಿ ಚುಚ್ಚಿ, “ಎಂತ ಬೇಕು?” ಎನ್ನುತ್ತಿದ್ದಳು. ಆ ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ಅವಳನ್ನು ಯಾರೂ ಕೈಹಿಡಿದು ನಡೆಸಬೇಕಿರಲಿಲ್ಲ, ಅಯ್ಯೋ ಪಾಪ ಎನ್ನಬೇಕಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮೈಸೂರಿನಿಂದ ನಾಗರಾಜು ಎಂಬ ಹೊಸ ಮ್ಯಾನೇಜರು ಬಂದರು. ಕಣ್ಣಿಗೆ ಬಿದ್ದುದೆಲ್ಲ ಅವರಿಗೆ ಹಳತಾಗಿ ಕಂಡಿತು, ಬೋರ್ಡೂ ಹಳತಾಯಿತು. ಹೊಸದನ್ನು ತಂದು ಕೂರಿಸಿದ ಎಂಜಿನಿಯರು ಎಲ್ಲರನ್ನೂ ಕರೆದು ತೋರಿಸಿದ. ಹಿಡಿ ತಿರುಗಿಸುವುದು ಬೇಡ, ಟೆಲಿಫೋನ್ ಎತ್ತಿದರೆ ಸಾಕು, ಬೋರ್ಡಿನಲ್ಲಿ ಆ ಲೈನಿನ ಪುಟ್ಟ ದೀಪ ಹತ್ತುತ್ತದೆ. ಜೊತೆಗೆ ಎಲ್ಲ ಲೈನಿಗೂ ಸೇರಿ ಒಂದೇ ಬಜರ್ ಗುರ್ರೆನ್ನುತ್ತದೆ.

“ಎಷ್ಟು ಚೆಂದ!” ಎಂದರು ನೋಡಿದವರೆಲ್ಲ.

ಬೊಳ್ಳಮ್ಮ ಬೋರ್ಡಿನ ಮೇಲೆ ಕೈಯಾಡಿಸಿದಳು. ನುಣ್ಣನೆಯ ಗಾಜಿನ ಬೊಟ್ಟುಗಳು. ಹತ್ತಿದ್ದೂ ಒಂದೇ, ಹತ್ತದ್ದೂ ಒಂದೇ. ಎಂಜಲು ತಟ್ಟೆಗೆ ಕೈಹಾಕಿದವಳಂತೆ ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಇದು ಯಾರಿಗೆ ಸಾರ್?” ಎಂದಳು.

ಎಂಜಿನಿಯರು ಕೆಮ್ಮಿದ. ಬೋರ್ಡಿಗೆ ಆರ್ಡರು ಕೊಡುವಾಗ ಅದರ ಮುಂದೆ ಕೂರುವವಳ ನೆನಪು ಒಬ್ಬರಿಗೂ ಬಂದಿರಲಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ನಾಗರಾಜು ಮಾತ್ರ ನಾಚಲಿಲ್ಲ. “ಒಂದು ತಿಂಗಳು ನೋಡೋಣ ಬೊಳ್ಳಮ್ಮ. ಆಗಲಿಲ್ಲ ಅಂದ್ರೆ ಮೈಸೂರಿಂದ ಕಣ್ಣಿರೋ ಹುಡುಗೀನ ತರಿಸ್ತೀನಿ. ನೀವು ಮನೇಲಿ ಆರಾಮಾಗಿ ಇರಬಹುದು,” ಎಂದರು.

ಆರಾಮ! ಅಕ್ಕನ ಮನೆಯ ಆ ಮೂಲೆ, ಆ ಹುಣಸೆಹಣ್ಣು ಅವಳಿಗೆ ನೆನಪಾಯಿತು.

ಮೊದಲ ವಾರ ನಾಯಿಪಾಡು. ಬಜರ್ ಗುರ್ರೆಂದಾಗಲೆಲ್ಲ ಬೊಳ್ಳಮ್ಮ ಏಳೂ ತೂತಿಗೆ ಒಂದೊಂದಾಗಿ ವೈರು ಚುಚ್ಚಿ “ಯಾರು? ಯಾರು?” ಎಂದು ಕೇಳಬೇಕಾಗುತ್ತಿತ್ತು. ಮಾತಾಡುತ್ತಿದ್ದವರ ನಡುವೆ ನುಗ್ಗಿ ಅವರಿಂದಲೂ ಬೈಸಿಕೊಂಡಳು. ಕೆಟ್ಟ ಹಲ್ಲುನೋವಿನಂಥ ಆ ಸದ್ದು ಮನೆಗೆ ಹೋದರೂ ಕಿವಿಯಲ್ಲಿರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಬೋರ್ಡಿನ ಹೊಸ ವಾರ್ನಿಷ್ ವಾಸನೆ ಕೂಡ ಅವಳಿಗೆ ಅಸಹ್ಯವಾಗಿ ಹೋಯಿತು.

ಗ್ಯಾರೇಜಿನ ಮಾಯಿಲಪ್ಪನಿಗೆ ಕಾಯುವ ಜಾಯಮಾನವಿರಲಿಲ್ಲ. ಒಂದು ದಿನ ಅವನು ರೇಗಿ, ಟೆಲಿಫೋನ್ ಇಡುವ ಕೊಕ್ಕೆಯನ್ನು ಟಕಟಕ ಒತ್ತಿದ. ಇತ್ತ ಬಜರ್ ತುಂಡು ತುಂಡಾಗಿ ಗುರ್, ಗುರ್, ಗುರ್ ಎಂದಿತು. ಇಷ್ಟು ಅವಸರ ಈ ಕಾಂಪೌಂಡಿನಲ್ಲಿ ಇನ್ನಾರಿಗೆ? ಬೊಳ್ಳಮ್ಮ ನೇರವಾಗಿ ಗ್ಯಾರೇಜಿನ ತೂತಿಗೇ ಚುಚ್ಚಿದಳು.

“ಎಂತ ಅಕ್ಕ, ಒರಗಿದಿರಾ? ನಾ ಎಷ್ಟು ಹೊತ್ತಿಂದ ಕುಟ್ಟುದು ಇಲ್ಲಿ!”

“ಕುಟ್ಟು ಮಾರಾಯ, ಇನ್ನೂ ಕುಟ್ಟು!” ಎಂದಳು ಬೊಳ್ಳಮ್ಮ. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮರುದಿನವೇ ಬೊಳ್ಳಮ್ಮನ ಕಟ್ಟಳೆ ಹೊರಟಿತು. ಟೆಲಿಫೋನ್ ಎತ್ತಿದ ಮೇಲೆ ಒಬ್ಬೊಬ್ಬರೂ ತಮ್ಮ ಲೆಕ್ಕದಷ್ಟು ಸಲ ಕೊಕ್ಕೆ ಕುಟ್ಟಬೇಕು. ಆಫೀಸಿಗೆ ಒಂದು. ಎರಡನ್ನು ಗೋದಾಮಿಗೆ ಕೊಡಹೋದರೆ ಗೋದಾಮಿನವರು ಹೌಹಾರಿದರು. ಕೊಡಗಿನಲ್ಲಿ ಗಂಡು ಹುಟ್ಟಿದರೆ ಒಂಟಿ ಗುಂಡು, ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸುವುದು. ಗುಡ್ಡದಾಚೆ ಎರಡು ಈಡು ಕೇಳಿದರೆ ಉಣ್ಣುವವನೂ ಎದ್ದು ಕೈತೊಳೆಯುತ್ತಾನೆ. ದಿನಬೆಳಗಾದರೆ ತಮ್ಮ ಕೈಯಾರೆ ಎರಡು ಕುಟ್ಟುವುದೇ? ಕಾಫಿ ಒಣಗಿಸುವ ಕಣದವರು ಒಲ್ಲೆ ಎಂದರು, ಗೇಟಿನವನು ಅತ್ತೇಬಿಟ್ಟ. “ಥೂ, ನಿಮ್ಮ ಜೀವ ಅಷ್ಟು ಸಸಾರವಾ? ಕೊಕ್ಕೆ ಕುಟ್ಟಿದರೆ ಹೋಗುದಾ?” ಎಂದು ಬೊಳ್ಳಮ್ಮ ನಾಲ್ಕು ಭಾಷೆಯಲ್ಲೂ ಬೈದಳು. ಯಾರೂ ಜಗ್ಗಲಿಲ್ಲ. ಕೊನೆಗೆ ಗೋದಾಮಿಗೆ ಮೂರು, ಕಣಕ್ಕೆ ನಾಲ್ಕು, ಮಿಲ್ಲಿಗೆ ಐದು, ಗೇಟಿಗೆ ಆರು, ಬೆರಳು ಸವೆದರೂ ಸರಿ ಎಂದು ಮಾಯಿಲಪ್ಪನಿಗೆ ಏಳು. ಉಳಿದ ಎರಡನ್ನು ಏನೂ ಅರಿಯದ ಮೈಸೂರಿನ ಮ್ಯಾನೇಜರಿಗೆ ಕೊಟ್ಟಳು.

“ಎರಡೇ ಸಾಕಾ? ಒಳ್ಳೇದಾಯ್ತು, ಸುಲಭ,” ಎಂದರು ನಾಗರಾಜು.

ಅಲ್ಲಿಂದ ಕೆಲಸ ಹಳಿಗೆ ಬಿತ್ತು. ಬೆಳಿಗ್ಗೆ ಗುರ್, ಗುರ್ ಎಂದು ಮ್ಯಾನೇಜರ ಜೋಡಿ ಗುಂಡು ಕೇಳಿದರೆ ಬೊಳ್ಳಮ್ಮನಿಗೆ ಒಳಗೊಳಗೇ ಒಂದು ಕೆಟ್ಟ ಸಂತೋಷ. ಕ್ಯೂರಿಂಗಿಗೆ ಕ್ಯೂರಿಂಗೇ ಸೆರಗಿನ ಮರೆಯಲ್ಲಿ, ಟೋಪಿಯ ಮರೆಯಲ್ಲಿ ನಗುತ್ತಿತ್ತು. ತಿಂಗಳು ಮುಗಿಯುವ ದಿನ ಪೊನ್ನಪ್ಪನವರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಚಹಾ ಕುಡಿಯುವಾಗ, “ಸಾರ್, ಹೇಳಬಾರದು ಅಂತಲೇ ಇದ್ದೆ,” ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟರು.

ನಾಗರಾಜು ದಡದಡನೆ ಬೋರ್ಡಿನ ಕೋಣೆಗೆ ಬಂದರು. “ದಿನಾ ನನ್ನ ಸಾವು ಕೇಳ್ಕೊಂಡು ಕೂತಿದ್ರಾ?”

“ಕುಟ್ಟಿದ್ದು ನೀವೇ ಅಲ್ವಾ ಸಾರ್,” ಎಂದಳು ಬೊಳ್ಳಮ್ಮ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಿತ್ತು.

“ಇನ್ನು ಕುಟ್ಟೋದಿಲ್ಲ. ಟೆಲಿಫೋನ್ ಯಾವಾಗ ಎತ್ತುತ್ತೀನಿ ಅಂತಲೂ ಹೇಳೋದಿಲ್ಲ. ಎತ್ತಿದ ತಕ್ಷಣ ನನ್ನ ಲೈನಿಗೆ ಬರದಿದ್ರೆ ನಾಳೆಯಿಂದ ನೀವು ಬರೋದು ಬೇಡ.” ಬಾಗಿಲು ಧಡಾರೆಂದಿತು.

ತನ್ನ ಬಾಯಿಯ ಮೇಲೇ ಬೊಳ್ಳಮ್ಮನಿಗೆ ಹೇಸಿಗೆಯಾಯಿತು. ಇಂಥವರ ಮರ್ಜಿ ಕಾಯುವ ಬದುಕಿನ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಮೂರು ಕುಟ್ಟಿತು: ಗೋದಾಮು. ಏಳು ಕುಟ್ಟಿತು: ಮಾಯಿಲಪ್ಪ. ಅವರವರ ಲೈನು ಕೊಟ್ಟಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಮತ್ತೆ ಬಜರ್ ಹೊಡೆಯಿತು. ಅವಳು ತುಂಡಾಗುವುದನ್ನು ಕಾದಳು. ಅದು ತುಂಡಾಗಲಿಲ್ಲ, ಉದ್ದಕ್ಕೆ ಗುರ್ರೆನ್ನುತ್ತಲೇ ಇತ್ತು. ವೈರು ಹಿಡಿದ ಕೈ ತೂತುಗಳ ಮುಂದೆ ತೂಗಾಡಿತು. ಗೇಟೇ? ಕಣವೇ? ಗೇಟಿನವನು ಅತ್ತರೂ ಆರು ಕುಟ್ಟುತ್ತಾನೆ. ಕಣದ ಹೆಂಗಸರು ಕೈಯಲ್ಲಿ ಮೊರವಿದ್ದರೂ ನಾಲ್ಕು ಕುಟ್ಟುತ್ತಾರೆ. ಈ ಇಡೀ ಕ್ಯೂರಿಂಗಿನಲ್ಲಿ ಅವಳಿಗಾಗಿ ಒಂದು ಬೆರಳು ಅಲ್ಲಾಡಿಸದವರು ಯಾರು?

ಬೊಳ್ಳಮ್ಮ ಚುಚ್ಚಿದಳು. “ಹೇಳಿ ಮ್ಯಾನೇಜರ್ ಸಾರ್.”

ಆಚೆಯಿಂದ ಒಂದು ನಗು ಬಂತು, ದೊಡ್ಡ ಮನಸ್ಸಿನವರ ನಗು. “ಪರವಾಗಿಲ್ಲ, ಕುರ್ಚಿ ನಿಮ್ಮದೇ. ನೋಡಿದ್ರಾ, ಬೋರ್ಡು ಎಷ್ಟು ಚೆನ್ನಾಗಿದೆ! ಕಣ್ಣಿಲ್ಲದವರೂ ನಡೆಸಬಹುದು ಅಂತ ಇವತ್ತೇ ಕಂಪನಿಗೆ ಬರೀತೀನಿ.”

ಬದುಕಿದೆ ಎಂದುಕೊಳ್ಳುತ್ತಿದ್ದ ಬೊಳ್ಳಮ್ಮನಿಗೆ ಆ ಕೊನೆಯ ಮಾತು ಕಹಿಯಾಯಿತು.

“ಬರೀರಿ ಸಾರ್. ಬೋರ್ಡು ನಡೆಸುದು ಮಾಯಿಲಪ್ಪನ ಬೆರಳು, ಕಣದವರ ಬೆರಳು ಅಂತಲೂ ಬರೀರಿ. ನಿಮ್ಮದೊಂದು ಬಿಟ್ಟು.”

ಅವರು ಮತ್ತೇನೋ ಹೇಳತೊಡಗಿದರು. ಅಷ್ಟರಲ್ಲಿ ಬಜರ್ ಆರು ಕುಟ್ಟಿತು. ಬೊಳ್ಳಮ್ಮ ಮ್ಯಾನೇಜರ ವೈರು ಕಿತ್ತು ಗೇಟಿಗೆ ಚುಚ್ಚಿದಳು.