ಎರಡೇ ಬೆರಳು

ದೇವರು ಪ್ರತ್ಯಕ್ಷನಾಗಿ ಬಂದರೂ ಆಧಾರ್ ಕಾರ್ಡ್ ಕೇಳುವ ಮನುಷ್ಯ ನೀವು ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಟ ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಒಂದು ಮಾತು ಕೇಳಿಯೇ ನಾನು ಹತ್ತುವುದು. ಅರ್ಧ ಹುಟ್ಟುಗುಣ, ಇನ್ನರ್ಧ ಕೆಲಸ ಕಲಿಸಿದ್ದು. ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂರುವವನು ನಾನು. ಡಾಕ್ಟರು ಗೀಚಿದ್ದನ್ನು ಓದಿ, ಆ ಕಾಯಿಲೆಗೆ ಪುಸ್ತಕದಲ್ಲಿರುವ ಕೋಡ್ ಹುಡುಕಿ, ಬಿಲ್ಲಿನ ಜೊತೆ ವಿಮಾ ಕಂಪನಿಗೆ ಕಳಿಸಬೇಕು. ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೆ ಎರಡು ಮೂರು ಅಂಕಿ, ಅಷ್ಟೇ ಕೋಡ್. ಕಂಪನಿಯವರು ರೋಗಿಯ ಮುಖ ನೋಡುವುದಿಲ್ಲ, ಅದನ್ನು ನೋಡುತ್ತಾರೆ.

ಸುಟ್ಟ ಗಾಯಕ್ಕೆ ಎರಡು ಕೋಡ್ ಹಾಕಬೇಕು. ಏನು ಸುಟ್ಟಿದೆ ಎನ್ನುವುದಕ್ಕೆ ಒಂದು, ಹೇಗೆ ಸುಟ್ಟಿತು ಎನ್ನುವುದಕ್ಕೆ ಇನ್ನೊಂದು. ಹೇಗೆ ಎನ್ನುವಲ್ಲಿ ಮೂರು ದಾರಿ ಇವೆ. ಅಕಸ್ಮಾತ್ತಾಗಿ ಆದದ್ದು ಎಂದರೆ ಕಂಪನಿ ಬಿಲ್ಲು ಕೊಡುತ್ತದೆ. ಬೇಕೆಂದೇ ಮಾಡಿಕೊಂಡದ್ದು ಎಂದರೆ ಕೊಡುವುದಿಲ್ಲ. ಯಾವುದೆಂದು ಗೊತ್ತಾಗುತ್ತಿಲ್ಲ ಎಂದು ಬರೆದರೆ ಫೈಲನ್ನು ತಡೆದು ವಿಚಾರಣೆಗೆ ಹಾಕುತ್ತದೆ. ಈ ಕೊನೆಯದನ್ನು ಇಷ್ಟು ವರ್ಷದಲ್ಲಿ ನಾನು ಬರೆದದ್ದು ಒಂದೇ ಸಲ.

ಆಕೆ ಯಳಂದೂರಿನ ಕಡೆಯವಳು. ವಯಸ್ಸು ಐವತ್ತರ ಹತ್ತಿರ. ದಿನಾ ಬಸ್ಸಿನಲ್ಲಿ ಬಂದು ಕೊಳ್ಳೇಗಾಲದ ಒಂದು ಘಟಕದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದಳು. ಬೇಯಿಸಿದ ಗೂಡುಗಳನ್ನು ಬಿಸಿನೀರಿನ ತೊಟ್ಟಿಗೆ ಹಾಕಿ, ಕೈಯನ್ನು ಅದರಲ್ಲೇ ಆಡಿಸುತ್ತ ಎಳೆಯ ತುದಿ ಹುಡುಕಬೇಕು. ಮಾಲೀಕ ಕೆಲಸಗಾರರಿಗೆಲ್ಲ ಸೇರಿಸಿ ಒಂದು ವಿಮೆ ಮಾಡಿಸಿದ್ದ. ಮೊದಲ ಸಲ ಆಕೆ ಬಂದಾಗ ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡರಲ್ಲೂ ಬೊಬ್ಬೆ ಎದ್ದಿದ್ದವು. ಅಕಸ್ಮಾತ್ ಎಂದು ಕೋಡ್ ಹಾಕಿದೆ, ಬಿಲ್ಲು ಪಾಸಾಯಿತು. ನಾಲ್ಕೈದು ತಿಂಗಳಿಗೆ ಮತ್ತೆ ಬಂದಳು. ಅದೇ ಕೈ, ಅವೇ ಎರಡು ಬೆರಳು. ಆಗಲೇ ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮೂರನೆಯ ಸಲವೂ ಅವೇ ಬೆರಳು ಸುಟ್ಟುಕೊಂಡು ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ. ಅಕಸ್ಮಾತ್ತು ಎನ್ನುವುದು ಬೆರಳು ಎಣಿಸಿಕೊಂಡು ಬರುತ್ತದೆಯೇ? ಎಳೆ ಹಿಡಿಯಲು ಬೇಕಾದದ್ದು ಹೆಬ್ಬೆರಳು ಮತ್ತು ತೋರುಬೆರಳು. ಅವೆರಡಕ್ಕೂ ಒಂದು ಚುಕ್ಕೆ ಗಾಯವಿಲ್ಲ. ರಜೆಗೋ ಪರಿಹಾರಕ್ಕೋ ಯಾರಾದರೂ ಬೇಕೆಂದೇ ಕೈ ಸುಟ್ಟುಕೊಳ್ಳುವುದಾದರೆ, ಕೆಲಸಕ್ಕೆ ಬಾರದ ಈ ಎರಡನ್ನೇ ಅಲ್ಲವೇ ಆರಿಸಿಕೊಳ್ಳುವುದು? ಸಾಲದ್ದಕ್ಕೆ, ಡ್ರೆಸ್ಸಿಂಗ್ ಮಾಡುವಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಂಟಿಕೊಂಡಿದ್ದ ಬಟ್ಟೆಯನ್ನು ನರ್ಸ್ ಕಿತ್ತಾಗ ಆಕೆ ಮುಖ ಕೂಡ ಕಿವುಚಲಿಲ್ಲ. ಯಳಂದೂರು ಬಸ್ಸು ಎಷ್ಟೊತ್ತಿಗೆ ಎಂದು ಪಕ್ಕದವರನ್ನು ಕೇಳುತ್ತಿದ್ದಳು. ನೋವಿಲ್ಲದ ಗಾಯ ಎಂದರೆ ನಾಟಕದ ಗಾಯ ಎಂದು ತೀರ್ಮಾನಿಸಿ, ಯಾರಿಗೂ ಹೇಳದೆ, ಗೊತ್ತಾಗುತ್ತಿಲ್ಲ ಎನ್ನುವ ಆ ಮೂರನೇ ಕೋಡ್ ಹಾಕಿ ಕಳಿಸಿದೆ.

ಕಂಪನಿ ಫೈಲು ತಡೆಯಿತು. ಗಾಯದ ಬಗ್ಗೆ ಅನುಮಾನವಿದೆ ಎಂದು ಮಾಲೀಕನಿಗೆ ಕಾಗದ ಬಂತು. ಇತ್ಯರ್ಥವಾಗುವ ತನಕ ಕೆಲಸಕ್ಕೆ ಬರಬೇಡ ಎಂದು ಅವನು ಆಕೆಗೆ ಹೇಳಿಬಿಟ್ಟ. ಆ ಕಾಗದ ಹಿಡಿದುಕೊಂಡು ಆಕೆ ನನ್ನ ಕೌಂಟರಿಗೇ ಬಂದಳು. ಇಂಗ್ಲಿಷಿನಲ್ಲಿದ್ದ ಕಾಗದವನ್ನು ಓದಿ ಹೇಳಿ ಎಂದಳು. ಕಂಪನಿಯವರು ಏನೋ ವಿಚಾರಿಸುತ್ತಿದ್ದಾರಂತೆ ಅಕ್ಕಾ ಎಂದು ಮಾತು ತೇಲಿಸಿದೆ. ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂದು ಆಕೆ ಗಲಾಟೆ ಮಾಡಲಿಲ್ಲ, ಅಳಲೂ ಇಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದಳು. ಅತ್ತಿದ್ದರೆ ನಾಟಕ ಎಂದುಕೊಂಡು ನೆಮ್ಮದಿಯಾಗಿ ಇರುತ್ತಿದ್ದೆನೇನೋ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಆ ಘಟಕಕ್ಕೆ ನಡೆದೇ ಹೋದೆ. ನನ್ನ ಅನುಮಾನಕ್ಕೆ ಸಾಕ್ಷಿ ಸಿಗಲಿ ಎಂದೇ ಹೋದದ್ದು. ಹಬೆ, ಬೆಂದ ಹುಳುವಿನ ವಾಸನೆ, ಸಾಲಾಗಿ ತೊಟ್ಟಿಗಳು. ಒಲೆಗೆ ಹತ್ತಿರದ ಮೊದಲನೇ ತೊಟ್ಟಿ ಖಾಲಿ ಇತ್ತು. ಅದು ಆಕೆಯದೇ ಎಂದು ಮಾಲೀಕ ತೋರಿಸಿದ. ಅವರಲ್ಲಿ ಒಂದು ಪದ್ಧತಿಯಂತೆ. ಹೊಸಬರು ಕೆಲಸಕ್ಕೆ ಬಂದರೆ ಮೊದಲು ಬಿಸಿನೀರಿಗೆ ಕೈ ಅದ್ದಿಸಿ, ಎಷ್ಟು ಹೊತ್ತು ತಡೆಯುತ್ತಾರೆ ಎಂದು ಎಣಿಸುತ್ತಾರೆ. ಹೆಚ್ಚು ತಡೆದವರಿಗೆ ಒಲೆಯ ಹತ್ತಿರದ ತೊಟ್ಟಿ. ಅಲ್ಲಿ ಕೆಲಸ ಬೇಗ ಸಾಗುತ್ತದೆ, ಕೂಲಿಯೂ ಒಂದು ಕೈ ಹೆಚ್ಚು. ಆಕೆ ಹದಿನೈದು ವರ್ಷದಿಂದ ಅಲ್ಲೇ ಕೂತವಳು.

"ಆಯಮ್ಮಂದು ಪಳಗಿದ ಕೈ ಸಾ. ಓದ್ ವರ್ಸದಿಂದಂತೂ ಬಿಸಿನೇ ತಾಕಾಕಿಲ್ಲ ಕಣ್ರಿ," ಎಂದ ಮಾಲೀಕ. ಅವನ ದನಿಯಲ್ಲಿ ಹೆಮ್ಮೆಯಿತ್ತು.

ತೊಟ್ಟಿಯ ಸಿಮೆಂಟಿನ ಅಂಚು ಎಡಗಡೆ ಒಂದು ಜಾಗದಲ್ಲಿ ಮಾತ್ರ ಸವೆದು ನುಣ್ಣಗಾಗಿತ್ತು. ದಿನವಿಡೀ ಆಕೆ ಎಡ ಮೊಣಕೈ ಊರುವ ಜಾಗ ಅದು ಎಂದ ಮಾಲೀಕ. ನಾನು ಅದರ ಮೇಲೆ ಬೆರಳಾಡಿಸುತ್ತ ಯೋಚಿಸಿದೆ. ಪಳಗಿದ ಕೈ ಕಡಿಮೆ ಸುಡಬೇಕು, ಇಲ್ಲಿ ನೋಡಿದರೆ ಪಳಗಿದ ಮೇಲೆಯೇ ಮೂರು ಸಲ ಸುಟ್ಟಿದೆ. ಲೆಕ್ಕ ಕೂಡುತ್ತಿಲ್ಲ ಅನ್ನಿಸಿತು. ಸಾಕ್ಷಿ ಹುಡುಕಿಕೊಂಡು ಹೋದವನಿಗೆ ನನ್ನ ಅನುಮಾನದ ಮೇಲೇ ಅನುಮಾನ ಶುರುವಾಯಿತು.

ಆಕೆಯನ್ನು ಕರೆಸಿ ನಮ್ಮ ಹಿರಿಯ ಡಾಕ್ಟರ ಮುಂದೆ ಕೂರಿಸಿದೆ. ವಿಚಾರಣೆಯ ಭಾಗ ಎಂದು ಆಕೆಗೆ ಸುಳ್ಳು ಹೇಳಿದ್ದೆ, ಬಿಸಿ ತಾಕುವುದಿಲ್ಲವಂತೆ ಎನ್ನುವುದನ್ನೂ ಆ ಸವೆದ ಅಂಚನ್ನೂ ಡಾಕ್ಟರಿಗೆ ತಿಳಿಸಿದ್ದೆ. ಡಾಕ್ಟರು ಆಕೆಗೆ ಕಣ್ಣು ಮುಚ್ಚಲು ಹೇಳಿ, ಗುಂಡುಸೂಜಿಯಿಂದ ಒಂದೊಂದೇ ಬೆರಳನ್ನು ಮುಟ್ಟುತ್ತ, ಈಗ ಗೊತ್ತಾಯಿತಾ, ಈಗ ಗೊತ್ತಾಯಿತಾ ಎಂದು ಕೇಳುತ್ತ ಹೋದರು. ಆಕೆ ಎಲ್ಲದಕ್ಕೂ ಹೂಂ ಎಂದಳು. ಕೈ ಸರಿಯಾಗಿದೆ ಎಂದು ಬರೆಯಲು ಅವರು ಪೆನ್ನು ತೆಗೆದರು.

ನನಗೆ ಸಮಾಧಾನವಾಗಲಿಲ್ಲ. ಹೆಬ್ಬೆರಳಿಗೆ ಸೂಜಿ ತಾಗಿದಾಗ ಆಕೆಯ ಹುಬ್ಬು ಕುಣಿದಿತ್ತು, ಹೂಂ ಆಮೇಲೆ ಬಂದಿತ್ತು. ಕಿರುಬೆರಳಿನಲ್ಲಿ ಹುಬ್ಬು ಅಲುಗಲೇ ಇಲ್ಲ, ಪ್ರಶ್ನೆ ಮುಗಿಯುತ್ತಿದ್ದಂತೆ ಹೂಂ ಮಾತ್ರ ಬಂದಿತ್ತು. ನಾನು ಡಾಕ್ಟರಿಗೆ ಸನ್ನೆ ಮಾಡಿದೆ, ಮುಟ್ಟಬೇಡಿ, ಸುಮ್ಮನೆ ಕೇಳಿ ಎಂದು. ಅವರು ಸೂಜಿಯನ್ನು ಗಾಳಿಯಲ್ಲೇ ಹಿಡಿದು, ಈಗ ಗೊತ್ತಾಯಿತಾ ಎಂದರು.

"ಹೂಂ ಸಾ, ಚೆನ್ನಾಗ್ ಗೊತ್ತಾಯ್ತದೆ."

ಆಕೆ ಕಣ್ಣು ಬಿಟ್ಟು, ಬೆರಳಿಗೆ ಅಷ್ಟು ದೂರದಲ್ಲಿದ್ದ ಸೂಜಿಯನ್ನು ನೋಡಿ ತಲೆ ತಗ್ಗಿಸಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ಒಂದು ವರ್ಷದಿಂದ ಆ ಎರಡು ಬೆರಳಿಗೆ ಜೋಮು ಹಿಡಿದಿದೆ. ಮೊದಮೊದಲು ಬಿಸಿ ತಾಗದಿದ್ದಾಗ ತನ್ನ ಕೈ ಇನ್ನೂ ಪಳಗಿತು ಎಂದು ಆಕೆಯೇ ಹಿಗ್ಗಿದ್ದಳು, ಜೊತೆಯವರೂ ಹೊಗಳಿದ್ದರು. ಬೊಬ್ಬೆ ಎದ್ದಮೇಲೆ ಭಯವಾಯಿತು. ಆದರೆ ಜೋಮು ಎಂದು ಬಾಯಿಬಿಟ್ಟರೆ ಒಲೆಯ ಹತ್ತಿರದಿಂದ ಎಬ್ಬಿಸುತ್ತಾರೆ, ಆಮೇಲೆ ಮನೆಗೇ ಕಳಿಸುತ್ತಾರೆ ಎಂದು ಮುಚ್ಚಿಟ್ಟಿದ್ದಳು.

ಡಾಕ್ಟರು ಮೊಣಕೈಯ ಹಿಂಬದಿಯನ್ನು ಒತ್ತಿ ನೋಡಿ ವಿವರಿಸಿದರು. ಅಲ್ಲಿ ಚರ್ಮದ ಕೆಳಗೇ ಒಂದು ನರ ಹಾಯುತ್ತದೆ, ಕಲ್ಲಿಗೆ ತಗುಲಿದರೆ ಜುಮ್ಮೆನ್ನುವುದು ಅದೇ. ಅದು ಹೋಗಿ ಸೇರುವುದು ಕಿರುಬೆರಳಿಗೆ ಮತ್ತು ಪಕ್ಕದ ಬೆರಳಿಗೆ. ಹದಿನೈದು ವರ್ಷ ಸಿಮೆಂಟಿನ ಅಂಚಿಗೆ ಒತ್ತಿ ಒತ್ತಿ ಅದು ಸೊರಗಿದೆ. ಅವೇ ಎರಡು ಬೆರಳು ಎಂದು ನಾನು ಯಾವುದನ್ನು ಕಳ್ಳತನದ ಗುರುತು ಎಂದುಕೊಂಡಿದ್ದೆನೋ, ಅದೇ ಕಾಯಿಲೆಯ ಗುರುತಾಗಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿದರೆ ಇನ್ನೂ ಕೆಡದಂತೆ ತಡೆಯಬಹುದು, ಹೋದ ಸ್ಪರ್ಶ ವಾಪಸು ಬರುತ್ತದೆ ಎಂದು ಹೇಳಲಾರೆ ಎಂದರು. ಆರು ತಿಂಗಳು ಮೊದಲೇ ಬರಬೇಕಿತ್ತು ಎಂದೂ ಅಂದರು. ಆರು ತಿಂಗಳು ಮೊದಲು ಆಕೆ ಬಂದಿದ್ದಳು, ಎರಡನೆಯ ಗಾಯದೊಂದಿಗೆ. ಮೂರು ಸಲವೂ ಬೇರೆ ಬೇರೆ ಡ್ಯೂಟಿ ಡಾಕ್ಟರು ನೋಡಿದ್ದು, ಅವರಿಗೆ ಕಂಡದ್ದು ಬರೀ ಸುಟ್ಟ ಗಾಯ. ಆ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದವನು ಇಡೀ ಆಸ್ಪತ್ರೆಯಲ್ಲಿ ನಾನೊಬ್ಬನೇ.

ಹಳೆಯ ಕೋಡ್ ಹಿಂತೆಗೆದುಕೊಂಡು, ನರದ ಹಾನಿಗೆ ಇರುವ ಕೋಡ್ ಹಾಕಿ, ಡಾಕ್ಟರ ಪತ್ರ ಸೇರಿಸಿ ಕಳಿಸಿದೆ. ಕಂಪನಿ ಎರಡು ಸಲ ಪ್ರಶ್ನೆ ಕೇಳಿ ಕೊನೆಗೆ ಒಪ್ಪಿತು. ಮಾಲೀಕ ಗೂಡು ಆರಿಸುವ ಒಣ ಕೆಲಸಕ್ಕೆ ಆಕೆಯನ್ನು ಕರೆದ, ಕೂಲಿ ಕಡಿಮೆ. ಮೈಸೂರಿಗೆ ಹೊರಡುವ ಮುಂಚೆ ಕಾಗದಗಳನ್ನು ಒಯ್ಯಲು ಬಂದವಳು ಕೌಂಟರಿನ ಮುಂದೆ ನಿಂತಳು. ಅನುಮಾನ ಅಂತ ಬರೆದವರು ಯಾರು ಎಂದು ನೇರವಾಗಿ ಕೇಳಿದಳು. ಕಂಪನಿಯ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ನಾನೇ ಅಕ್ಕಾ, ಎರಡನೇ ಸಲ ಬಂದಾಗಿನಿಂದಲೇ ನನಗೆ ಅನುಮಾನವಿತ್ತು ಎಂದೆ.

"ಅವತ್ತೇ ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಸಾ?"

ಕೇಳಿದ್ದರೆ ನಿಜ ಹೇಳುತ್ತಿದ್ದಿರಾ ಎಂದೆ. ನನ್ನ ಪರವಾಗಿ ನನ್ನ ಹತ್ತಿರ ಉಳಿದಿದ್ದದ್ದು ಆ ಪ್ರಶ್ನೆಯೊಂದೇ. ಆಕೆ ಕಾಗದಗಳನ್ನು ಬಲಗೈಯಿಂದ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

"ಇಲ್ಲ ಸಾ, ಸುಳ್ಳೇ ಏಳ್ತಿದ್ದೆ. ಆದ್ರೆ ನೀವು ಅದ್ನ ನಂಬ್ತಿರ್ನಿಲ್ವಲ್ಲ, ಆ ಸೂಜಿ ಅವತ್ತೇ ಬರ್ತಿತ್ತು."