ಹದದ ಪ್ರಶ್ನೆಗೆ ಉತ್ತರ ಕೊಡದವರು

ಯಾರಾದರೂ ಸುಮ್ಮಸುಮ್ಮನೆ ಒಳ್ಳೆಯದು ಮಾಡಲು ಹೊರಟರೆ ನನಗೆ ಮೊದಲು ಅನುಮಾನ ಬರುತ್ತದೆ. ಹಾಗಾಗಿ ನಮ್ಮ ಸಾಹೇಬರು ಕರೆದು, "ಗಾರೆಯವರಿಗೆ ಆನ್‌ಲೈನ್ ತರಬೇತಿ ಮಾಡೋಣಮ್ಮ. ಆಸಕ್ತಿ ಹುಟ್ಟೋ ಹಾಗೆ ನೀವೇ ಪಾಠ ತಯಾರು ಮಾಡಿ" ಎಂದಾಗ ನನ್ನ ಕಿವಿ ನೆಟ್ಟಗಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಜರ್‌ಬಾದಿನಲ್ಲಿದ್ದ ನಮ್ಮ ಕಚೇರಿ ಮೈಸೂರಿನ ಹಳೇ ಕಟ್ಟಡಗಳ ದುರಸ್ತಿ ನೋಡಿಕೊಳ್ಳುತ್ತಿತ್ತು. ನಾನು ಅಲ್ಲಿ ನಕ್ಷೆ ಬರೆಯುವವಳು, ಕಂಪ್ಯೂಟರ್ ಚೆನ್ನಾಗಿ ಗೊತ್ತಿದ್ದವಳೂ ನಾನೇ. ಹಿತ್ತಲಿನ ಶೆಡ್ಡಿನಲ್ಲಿ ಸುಣ್ಣದ ಗಾರೆ ಅರೆಯುವವರು ಇದ್ದರು. ನಮ್ಮದೆಲ್ಲ ಗುತ್ತಿಗೆ ನೌಕರಿ, ವರ್ಷವರ್ಷವೂ ಮುಂದುವರಿಸಬೇಕು. ಎಷ್ಟು ಕೇಳಿದರೂ ಅರೆಯುವವರಿಗೆ ಒಂದು ಹೊಸ ಜರಡಿ ಕೊಡಿಸದ ಕಚೇರಿ, ಈಗ ಅವರಿಗೆಂದು ಕಂಪ್ಯೂಟರ್ ತರಿಸಿ, ಇಂಟರ್‌ನೆಟ್ ಹಾಕಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿತು. ಇದರಲ್ಲಿ ಏನೋ ಇದೆ ಎಂದುಕೊಂಡೆ.

ಅನುಮಾನ ಅನುಮಾನದ ಪಾಡಿಗೆ, ಪಾಠವನ್ನು ಮಾತ್ರ ಮನಸ್ಸಿಟ್ಟು ಮಾಡಿದೆ. ಗೋಡೆಯ ಚಿತ್ರದಲ್ಲಿ ಬಿರುಕಿನ ಮೇಲೆ ಒತ್ತಿದರೆ ಅದರ ಹಿಂದೆ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಕಾಣಿಸುತ್ತಿತ್ತು. ಓದಲು ತಡವರಿಸುವವರಿಗಾಗಿ ಕೆಸರೆಯ ನಮ್ಮ ಮನೆಯಲ್ಲೇ ಕೂತು ನನ್ನ ದನಿಯಲ್ಲಿ ಪಾಠ ರೆಕಾರ್ಡ್ ಮಾಡಿದೆ. ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಅದರೊಳಗೆ ಸೇರಿಕೊಂಡಿತು. ಕೊನೆಗೊಂದು ಪರೀಕ್ಷೆ. ಅದರಲ್ಲಿ ಕರಣೆಯ ಮೇಲೆ ಗಾರೆ ಇಟ್ಟ ವಿಡಿಯೊ ತೋರಿಸಿ, "ಹದ ಬಂದಿದೆಯೇ?" ಎಂದು ಕೇಳಿದ್ದೆ. ಹೌದು, ಇಲ್ಲ, ಎರಡೇ ಗುಂಡಿ. ಈ ಪ್ರಶ್ನೆಗೇ ಹೆಚ್ಚು ಅಂಕ ಇರಲಿ ಎಂದು ಸಾಹೇಬರು ಹೇಳಿದ್ದರು.

ಅರೆಯುವವರೆಲ್ಲ ಉಳಿದ ಪ್ರಶ್ನೆಗಳಿಗೆ ಸರಿಯಾಗಿಯೇ ಉತ್ತರ ಒತ್ತಿದ್ದರು. ಹದದ ಪ್ರಶ್ನೆಯನ್ನು ಮಾತ್ರ ಒಬ್ಬರೂ ಮುಟ್ಟಿರಲಿಲ್ಲ. ಯಾರೋ ಇವರ ಕಿವಿ ಊದಿದ್ದಾರೆ, ಇದು ಒಳಗೊಳಗೇ ಮುಷ್ಕರ ಎಂದು ನನಗೆ ಸಿಟ್ಟು ಬಂತು. ಆದರೆ ಫಲಿತಾಂಶ ನೋಡಿದ ಸಾಹೇಬರ ಮುಖ ಅರಳಿತು. "ಹದವೇ ಗೊತ್ತಿಲ್ಲದವರನ್ನ ಇಟ್ಕೊಂಡು ಏನ್ಮಾಡೋದು? ಫೇಲಾದವರನ್ನ ಈ ಸಲ ಮುಂದುವರಿಸೋದು ಕಷ್ಟ" ಅಂದರು. ಮಕ್ಕಳು ಫೇಲಾದರೆಂದು ಖುಷಿಪಡುವ ಮೇಷ್ಟರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನೇರ ಶೆಡ್ಡಿಗೆ ಹೋದೆ. ಅರೆಯುವವರಲ್ಲಿ ಹಿರಿಯರಾದ ಹೆಂಗಸೊಬ್ಬರಿದ್ದರು, ಗಂಡ ತೀರಿಕೊಂಡ ಮೇಲೆ ಈ ಸಂಬಳದಲ್ಲೇ ಮನೆ ನಡೆಸುತ್ತಿದ್ದವರು. ಯಾಕೆ ಉತ್ತರ ಒತ್ತಲಿಲ್ಲ ಎಂದು ಜೋರುಮಾಡಿದೆ.

"ಅರೆದೋರೇ ಹದ ಬಂತು ಅನ್ನಂಗಿಲ್ಲ ಕಣಮ್ಮ. ಗೋಡೆಗೆ ಹಚ್ಚೋರು ಬೆರಳಲ್ಲಿ ತೀಡಿ ನೋಡಿ ಹೇಳ್ಬೇಕು. ನಾವೇ ಅಂದ್ಬುಟ್ರೆ ನಮ್ ಕೆಲ್ಸನ ನಾವೇ ಪಾಸ್ ಮಾಡ್ಕಂಡಂಗೆ. ಹಚ್ಚೋರು ಬರ್ಲಿ ಅಂತ ಕಾದ್ವಿ. ಅಷ್ಟೊತ್ತಿಗೆ ಕಂಪ್ಯೂಟ್ರಲ್ಲಿ ಪರೀಕ್ಷೆನೇ ಮುಚ್ಕಂಬುಡ್ತು" ಅಂದರು.

ನಾನು ಅದನ್ನೂ ನಂಬಲಿಲ್ಲ. ಮಾರನೆಯ ದಿನ ನಕ್ಷೆಯ ನೆಪ ಮಾಡಿಕೊಂಡು ಊಟದ ಹೊತ್ತಿನವರೆಗೂ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ನಿಜವಾಗಿಯೂ ಅರೆದವರು ಗಾರೆಯ ಉಂಡೆ ಚಾಚಿ ತುಟಿ ಬಿಚ್ಚದೆ ನಿಲ್ಲುತ್ತಿದ್ದರು. ಹಚ್ಚುವವನು ತೀಡಿ ನೋಡಿ ತಲೆಯಾಡಿಸಿದ ಮೇಲೆಯೇ ಗಾರೆಯ ಬುಟ್ಟಿ ಕೆಲಸದ ಜಾಗಕ್ಕೆ ಹೊರಡುತ್ತಿತ್ತು. ತಾವು ಮಾಡಿದ ಕೆಲಸವನ್ನೇ ನಂಬದ ಜನ! ನನಗೆ ಬಹಳ ಇಷ್ಟವಾದರು. ಇವರ ಕೆಲಸ ನನ್ನ ಪಾಠದಿಂದ ಹೋಗಬಾರದು ಎಂದು ಹಟ ಬಂತು.

ಪ್ರಶ್ನೆಗೆ ಮೂರನೆಯ ಗುಂಡಿ ಸೇರಿಸಿದೆ: "ಹಚ್ಚುವವರನ್ನು ಕೇಳಬೇಕು." ಅರೆಯುವವರಿಗೆ ಅದೇ ಸರಿ ಉತ್ತರ ಮಾಡಿ ಇನ್ನೊಮ್ಮೆ ಪರೀಕ್ಷೆ ಇಟ್ಟೆ.

"ಒಬ್ಬರೂ ಫೇಲಾಗಲಿಲ್ವಾ?" ಎಂದು ಸಾಹೇಬರು ಕೇಳಿದರು.

"ಇಲ್ಲ ಸಾರ್."

ಅವರು ಪರದೆಯನ್ನೇ ನೋಡುತ್ತಾ, "ಮೇಲಿನವರು ಈ ವರ್ಷ ಯಾರನ್ನಾದರೂ ಕಡಿಮೆ ಮಾಡಿ ಅಂದಿದ್ದಾರೆ. ಆಗಲಿ, ಪಾಠ ತಯಾರಾಯ್ತಲ್ಲ" ಅಂದರು. ಅವರ ಮಾತಿನ ಮೊದಲರ್ಧ ಕೇಳಿ, ನನ್ನ ಅನುಮಾನ ನಿಜವಾಯಿತೆಂದು ಒಳಗೊಳಗೇ ಬೀಗಿದೆ. ಎರಡನೆಯ ಅರ್ಧವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವರ್ಷದ ಕೊನೆಗೆ ಅರೆಯುವವರೆಲ್ಲ ಉಳಿದರು. ಸಾಹೇಬರು ನನ್ನನ್ನು ಕರೆದು, "ಪಾಠ ಈಗ ತಾನಾಗೇ ನಡೆಯುತ್ತಮ್ಮ, ನಿಮ್ಮ ಅಗತ್ಯ ಬೀಳಲ್ಲ" ಅಂದರು. ಸಿಟ್ಟಿನಲ್ಲೇ ಹೊರಗೆ ಬಂದೆ. ಶೆಡ್ಡಿನವರಿಗೆ ಹೇಳಿಹೋಗೋಣವೆಂದು ಅಲ್ಲಿಗೆ ಹೋದರೆ, ಆ ಹಿರಿಯ ಹೆಂಗಸು ಸುಣ್ಣದ ಕೈಯಲ್ಲೇ ಎದ್ದು ಬಂದರು. ಅವರು ಅಷ್ಟು ನಗುವುದನ್ನು ನಾನು ಕಂಡೇ ಇರಲಿಲ್ಲ.

"ಎಲ್ರುನೂ ಮುಂದುವರಿಸವ್ರೆ ಕಣಮ್ಮ. ನಿಮ್ದೂ ಆಗಿರ್ತದೆ ಬುಡಿ."

"ಹೂಂ, ನನ್ನದೂ ಆಗಿದೆ" ಅಂದುಬಿಟ್ಟೆ.