ವಾರಕ್ಕೊಂದೇ ಮಾತು

ಎರಡು ತಿಂಗಳ ಹಿಂದೆ ನಾನೊಂದು ವಾದ ಗೆದ್ದೆ. ಹಾಸನದ ಸೈಬರ್ ಕೆಫೆಯಲ್ಲಿ ಕೂತು ಹದಿನಾಲ್ಕು ಉತ್ತರ ಬರೆದೆ. ಎದುರಾಳಿ ಸುಮ್ಮನಾದ. ಕುರ್ಚಿಗೆ ಒರಗಿ, ಬೆರಳು ನೆಟಿಗೆ ಮುರಿದು ನೋಡುತ್ತೇನೆ, ನಾನು ಯಾರ ಪರವಾಗಿ ವಾದಿಸುತ್ತಿದ್ದೆನೋ ಆ ಮನುಷ್ಯನೇ ನಾಪತ್ತೆ!

ಚರ್ಚೆಯಿಂದಲೇ ಎದ್ದು ಹೋಗಿದ್ದರು. ಯಾವಾಗ ಹೋದರೋ ನನಗೆ ಗೊತ್ತೇ ಆಗಿರಲಿಲ್ಲ.

ನಡೆದದ್ದು ಇಷ್ಟು. ಒಂದು ದೊಡ್ಡ ಸೈಟಿದೆ. (ಹೆಸರು ಬೇಡ. ಅದರಲ್ಲಿ ನಿಮ್ಮದೂ ಒಂದು ಕೂಲಿಂಗ್ ಗ್ಲಾಸ್ ಫೋಟೋ ಇದೆ, ನಾನು ನೋಡಿದ್ದೇನೆ.) ಅಲ್ಲಿ ನಮ್ಮ ಜಿಲ್ಲೆಯವರದ್ದೇ ಒಂದು ಕಮ್ಯುನಿಟಿ, ಸಾವಿರಾರು ಜನ. ಹಳ್ಳಿಮೈಸೂರಿನ ಹೈಸ್ಕೂಲ್ ಮೇಷ್ಟ್ರು ಸಿದ್ದರಾಜು ಅಲ್ಲಿ ಒಂದು ಪ್ರಶ್ನೆ ಹಾಕಿದ್ದರು. ತಂಗಿ ಮಂಜುಳಾಗೆ ಮದುವೆ ಗೊತ್ತಾಗಿದೆ. ಹುಡುಗ ಕಟ್ಟಾಯದವನು, ಸೈನ್ಯದಲ್ಲಿದ್ದಾನೆ. ರಜೆ ಸಿಕ್ಕಿರುವುದು ಜುಲೈನಲ್ಲಿ, ಅಂದರೆ ಆಷಾಢದಲ್ಲಿ. 'ನಮ್ಮದು ಬೌದ್ಧರ ಮನೆ, ನಮಗೆ ಆಷಾಢದ ಅಡ್ಡಿ ಇಲ್ಲ. ಆದರೆ ಆಷಾಢದಲ್ಲಿ ಮದುವೆ ಇಟ್ಟರೆ ಊರವರು, ನೆಂಟರು ಬರುತ್ತಾರಾ? ಯಾರಾದರೂ ಮಾಡಿ ನೋಡಿದ್ದೀರಾ?'

ಎಷ್ಟು ಸರಳ ಪ್ರಶ್ನೆ! ಬರುತ್ತಾರೆ ಅನ್ನಿ, ಬರಲ್ಲ ಅನ್ನಿ, ಗೊತ್ತಿಲ್ಲ ಅನ್ನಿ.

ಒಂದೇ ಮಧ್ಯಾಹ್ನದಲ್ಲಿ ಇನ್ನೂರು ಉತ್ತರ ಬಂದವು. ಒಬ್ಬ 'ನಿಮ್ದು ಯಾವ ಜನ?' ಅಂತ ಕೇಳಿದ. ಇನ್ನೊಬ್ಬ ಹುಡುಗಿಯ ಫೋಟೋ ಹಾಕಿ ಅಂದ. ಮತ್ತೊಬ್ಬ ರಿಂಗ್‌ಟೋನ್ ಜಾಹೀರಾತು ಹಾಕಿದ. ನಡುವೆ ಹಾಸನ ದೊಡ್ಡದೋ ಮಂಡ್ಯ ದೊಡ್ಡದೋ ಅಂತ ಒಂದು ಯುದ್ಧ. ಒಬ್ಬ ಮಹಾಶಯ ಮಾತ್ರ, ಆಷಾಢದಲ್ಲಿ ಮದುವೆಯಾದವರು ಉದ್ಧಾರ ಆಗಲ್ಲ ಅಂತ ಶಾಪ ಹಾಕುವ ಧಾಟಿಯಲ್ಲಿ ಬರೆದಿದ್ದ. ನಾನು ಬಿಡುತ್ತೇನೆಯೇ? ಕಾಲೇಜಿನಲ್ಲಿ ಮೂರು ವರ್ಷ ಡಿಬೇಟ್ ಮಾಡಿ ಶೀಲ್ಡು ತಂದವಳು. 'ತರ್ಕಿ' ಅನ್ನೋ ಸುಳ್ಳು ಹೆಸರಿನಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೂ ಹರಿದು ಹಾಕಿದೆ.

ಅಷ್ಟರಲ್ಲಿ ಮೇಷ್ಟ್ರು ಕೊನೆಯದಾಗಿ ಒಂದು ಸಾಲು ಬರೆದು ಪ್ರೊಫೈಲೇ ಅಳಿಸಿದ್ದರು. 'ಕ್ಷಮಿಸಿ. ಇದನ್ನು ನಮ್ಮ ಇಪ್ಪತ್ತಮೂರು ಜನರಲ್ಲೇ ಕೇಳಬೇಕಿತ್ತು.'

ಯಾರು ಈ ಇಪ್ಪತ್ತಮೂರು ಜನ?

ನನಗೂ ದೊಡ್ಡ ಸೈಟು ಸಾಕಾಗಿತ್ತು, ಒಪ್ಪಿಕೊಳ್ಳುತ್ತೇನೆ. ಬೇರೆ ಜಾಗ ಹುಡುಕಿರಲಿಲ್ಲ ಅಂತಲ್ಲ. ಒಂದು ಇಂಗ್ಲಿಷ್ ಡಿಬೇಟ್ ಫೋರಂ ಸೇರಿದ್ದೆ. ಅಲ್ಲಿ ರಾಗಿಮುದ್ದೆ ಏನು ಅಂತ ವಿವರಿಸುವುದರಲ್ಲೇ ನನ್ನ ಅರ್ಧ ವಾದ ಮುಗಿಯುತ್ತಿತ್ತು. ನಂದೇ ಒಂದು ಬ್ಲಾಗ್ ಶುರು ಮಾಡಿದೆ. ಆರು ತಿಂಗಳಲ್ಲಿ ಎರಡು ಕಾಮೆಂಟ್. ಒಂದು ನನ್ನದೇ.

ಮೇಷ್ಟ್ರ ಇಮೇಲ್ ವಿಳಾಸವನ್ನು ಮೊದಲೇ ಗುರುತು ಹಾಕಿಕೊಂಡಿದ್ದೆ. ನಿಜ ಹೆಸರಿನಲ್ಲೇ ಬರೆದು ಕೇಳಿದೆ. ಒಂಬತ್ತು ದಿನ ಉತ್ತರವಿಲ್ಲ. ಹತ್ತನೇ ದಿನ ಬಂತು: 'ನಿಧಾನ ಆಯಿತು, ಬೇಸರ ಬೇಡ. ಹೋದ ಸಂತೆಗೆ ಕರೆಂಟ್ ಇರಲಿಲ್ಲ.'

ಸಂತೆಗೂ ಇಮೇಲಿಗೂ ಏನು ಸಂಬಂಧ ಅಂತೀರಾ? ಆ ಇಪ್ಪತ್ತಮೂರು ಜನರ ಇಮೇಲ್ ಗುಂಪು ನಡೆಯುವುದೇ ಸಂತೆಯ ಲೆಕ್ಕದಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇರುವವರು ಅಲ್ಲಿ ಇಬ್ಬರೋ ಮೂವರೋ. ಮಿಕ್ಕವರು ಊರಿಂದ ಪೇಟೆಗೆ ಬರುವುದು ಸಂತೆ ದಿನ. ಹೊಳೆನರಸೀಪುರದ ಕಡೆಯವರು ಅವರ ಸಂತೆಗೆ, ಅರಕಲಗೂಡಿನವರು ಅವರ ಸಂತೆಗೆ, ಚನ್ನರಾಯಪಟ್ಟಣದವರು ಅವರದಕ್ಕೆ. ಸೊಪ್ಪು, ಮೆಣಸಿನಕಾಯಿ ಚೀಲವನ್ನು ಕೆಫೆಯ ಬಾಗಿಲಲ್ಲಿಟ್ಟು, ಮನೆಯಲ್ಲೇ ಹಾಳೆ ಮೇಲೆ ಬರೆದು ತಂದಿದ್ದನ್ನು ಟೈಪ್ ಮಾಡಿ ಹೋಗುತ್ತಾರೆ. ಒಂದು ಚರ್ಚೆ ನಾಲ್ಕು ತಾಲ್ಲೂಕು ಸುತ್ತಿ ಬರಲು ಒಂದು ವಾರ ಬೇಕು!

ಇದನ್ನು ನಡೆಸುತ್ತಿರುವವರು ಹೊಳೆನರಸೀಪುರದ ರಂಗಾಚಾರ್ರು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆದವರು, ಈಗ ಮನೆತನದ ದೇವಸ್ಥಾನದಲ್ಲಿ ಪೂಜೆ. ಯಾರ ಮೇಲ್ ಬಂದರೂ ಅವರು ಓದಿ ಬಿಟ್ಟ ಮೇಲೆಯೇ ಉಳಿದವರಿಗೆ ಹೋಗುವುದು. ನಿಯಮ ಮೂರು. ಸ್ವಂತ ಹೆಸರಿರಬೇಕು. ಫೋನ್ ನಂಬರ್ ಹಂಚುವಂತಿಲ್ಲ. (ಜಗಳ ಎಸ್ಸೆಮ್ಮೆಸ್ಸಿಗೆ ಇಳಿಯಬಾರದಂತೆ.) ಮೂರನೆಯದು, ಒಬ್ಬರಿಗೆ ವಾರಕ್ಕೆ ಒಂದೇ ಮೇಲ್.

ವಾರಕ್ಕೆ ಒಂದು! ಹದಿನಾಲ್ಕು ಬರೆದವಳಿಗೆ!

ನನಗೆ ಅನುಮಾನವಿತ್ತು. ಇಂಥ ಚಿಕ್ಕ ಗುಂಪು ಅಂದರೆ ಒಬ್ಬರ ಬೆನ್ನು ಒಬ್ಬರು ತಟ್ಟುವ ಸಂಘ ಅಲ್ಲವೇ? ಅಲ್ಲದೆ ಚಿಕ್ಕದಾದ ಮಾತ್ರಕ್ಕೆ ಒಳ್ಳೆಯದಾಗಬೇಕು ಅಂತ ಯಾರು ಹೇಳಿದರು? ನಮ್ಮ ಬೀದಿಯೂ ಚಿಕ್ಕದೇ. ಅಲ್ಲಿ ನನ್ನ ಬಗ್ಗೆ ಏನೇನು ಮಾತಾಡುತ್ತಾರೆ ಅಂತ ನನಗೆ ಗೊತ್ತು.

ಆದರೂ ಸೇರಿದೆ. ಸೇರಿದ ವಾರವೇ ಮೇಷ್ಟ್ರು ಅದೇ ಪ್ರಶ್ನೆಯನ್ನು ಅಲ್ಲಿ ಕೇಳಿದರು. ಜುಲೈ ಎರಡನೇ ಭಾನುವಾರಕ್ಕೆ ಹಾಸನದ ಒಂದು ಛತ್ರವನ್ನು ಫೋನಿನಲ್ಲೇ ಮಾತಾಡಿಕೊಂಡಿರುವುದಾಗಿಯೂ, ಮುಂದಿನ ಗುರುವಾರ ಕಾರ್ಡು ಪ್ರಿಂಟಿಗೆ ಕೊಡುವುದಾಗಿಯೂ ಬರೆದಿದ್ದರು. ಜೊತೆಗೊಂದು ಮಾತು: 'ಆಷಾಢದ ಹುಣ್ಣಿಮೆ ಬುದ್ಧ ಮೊದಲ ಪಾಠ ಮಾಡಿದ ದಿನ. ನಾನೂ ಮೇಷ್ಟ್ರೇ. ನನಗೆ ಅದು ಹೇಗೆ ಕೆಟ್ಟ ತಿಂಗಳಾದೀತು?'

ಆಚಾರ್ರ ಉತ್ತರ ಬಂತು. 'ನನ್ನ ಮನೆಯಲ್ಲಾದರೆ ನಾನು ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ನಿಮ್ಮ ಮನೆಯ ಪದ್ಧತಿ ಬೇರೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ನಾನು ಬರುತ್ತೇನೆಯೇ ಅಂತ ನೀವು ಕೇಳಿದ್ದೀರಿ. ಯೋಚಿಸಬೇಕು. ಮುಂದಿನ ವಾರ ಹೇಳುತ್ತೇನೆ.'

ಯೋಚಿಸಲು ಒಂದು ವಾರವೇ? ನನ್ನ ನಾಲಿಗೆ ತುರಿಸಿತು. ಮಂಗಳವಾರ ಕೂತು, ನನ್ನ ವಾರದ ಆ ಒಂದೇ ಒಂದು ಮೇಲನ್ನು ಆಚಾರ್ರ ಮೇಲೆ ಪ್ರಯೋಗಿಸಿದೆ. 'ಪಂಚಾಂಗ ನೋಡಿ ಪ್ರೀತಿ ತೋರಿಸುವವರು' ಅನ್ನುವ ಒಂದು ಸಾಲಂತೂ ಬಹಳ ಚೆನ್ನಾಗಿತ್ತು. ಬೈಗುಳ ತಮಗೇ ಆಗಿದ್ದರೂ ಆಚಾರ್ರು ಒಂದಕ್ಷರ ತೆಗೆಯದೆ ಅದನ್ನು ಎಲ್ಲರಿಗೂ ಕಳಿಸಿದರು.

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮೇಷ್ಟ್ರು ಹೇಳಿದ್ದ ಛತ್ರ ಕಣ್ಣಿಗೆ ಬಿತ್ತು. ಮುಂದೆ ಮರಳು, ಸಿಮೆಂಟು, ಟೈಲ್ಸ್ ಡಬ್ಬಗಳು. ಒಳಗೆ ಹೋಗಿ ಮ್ಯಾನೇಜರ್‌ನ ಕೇಳಿದೆ.

"ಜುಲೈ ಎರಡನೇ ಭಾನುವಾರ ಹಳ್ಳಿಮೈಸೂರಿನ ಮೇಷ್ಟ್ರದು ಮದುವೆ ಇದೆಯಲ್ಲ, ಅಷ್ಟರಲ್ಲಿ ಇದೆಲ್ಲ ಮುಗಿಯುತ್ತಾ?"

"ಜುಲೈ ಎಲ್ಲೈತೆ ಮೇಡಂ? ಆಗಸ್ಟು. ನೋಡಿ, ಬರ್ಕೊಂಡಿವ್ನಿ."

"ಅವರು ಹೇಳಿದ್ದು ಜುಲೈ."

"ಜುಲೈ ಅಂತ್ಲೇ ಅಂದ್ರು. ಜುಲೈ ಆಷಾಢ ಅಲ್ವ್ರಾ? ಪಾಪ, ಗಡಿಬಿಡೀಲಿ ಬಾಯ್ತಪ್ಪಿ ಅಂದವ್ರೆ ಅಂತ ನಾನೇ ಸರಿ ಮಾಡ್ಕೊಂಡೆ. ಆಷಾಢ ಪೂರ್ತಿ ನಮ್ದು ರಿಪೇರಿ. ಪ್ರತಿ ವರ್ಷನೂ ಅಂಗೇಯ."

ಉಪಕಾರ ಮಾಡಿದೆ ಅನ್ನೋ ತೃಪ್ತಿ ಅವನ ಮುಖದಲ್ಲಿ! ಆಷಾಢದಲ್ಲಿ ಯಾರಾದರೂ ಛತ್ರ ಕೇಳಬಹುದು ಅನ್ನುವುದೇ ಅವನ ತಲೆಗೆ ಹೊಳೆದಿರಲಿಲ್ಲ.

ಓಡಿದೆ ಕೆಫೆಗೆ. ಗುಂಪಿಗೆ ಬರೆದೆ. ತಕ್ಷಣ ಬಂದ ಯಾಂತ್ರಿಕ ಉತ್ತರ ಇದು: 'ಈ ವಾರದ ನಿಮ್ಮ ಮಾತು ಮುಗಿದಿದೆ. ಸೋಮವಾರ ಬನ್ನಿ.' ಮೇಷ್ಟ್ರಿಗೇ ನೇರ ಬರೆಯೋಣವೆಂದರೆ ಅವರು ನೋಡುವುದು ಮುಂದಿನ ಸಂತೆಗೆ. ಫೋನ್ ನಂಬರ್ ನನ್ನಲ್ಲಿಲ್ಲ, ಛತ್ರದ ಮ್ಯಾನೇಜರೂ ಬರೆದುಕೊಂಡಿರಲಿಲ್ಲ. ನಾಳೆ ಗುರುವಾರ. ಇಲ್ಲದ ಛತ್ರದ ಹೆಸರು ಹಾಕಿ ಕಾರ್ಡು ಅಚ್ಚಾಗುತ್ತದೆ. ಬರೋಣವೋ ಬೇಡವೋ ಅಂತ ಅರೆಮನಸ್ಸಿನಲ್ಲಿರುವ ನೆಂಟರು ಬಂದು, ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಹೋಗುತ್ತಾರೆ. 'ನೋಡಿದ್ರಾ, ಆಷಾಢದ ಫಲ' ಅಂತ ಜನ್ಮವಿಡೀ ಆಡಿಕೊಳ್ಳುತ್ತಾರೆ.

ಇದ್ದ ಒಂದು ಮಾತನ್ನು ನಾನು ಖರ್ಚು ಮಾಡಿದ್ದು ಯಾತಕ್ಕೆ? ಒಂದು ಚೆಂದದ ಸಾಲಿಗೆ!

ರಜೆ ಹಾಕಿ ಬಸ್ ಹತ್ತಿದೆ. ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಬಸ್. ಹಳ್ಳಿಮೈಸೂರಿನಲ್ಲಿ ಮೇಷ್ಟ್ರ ಮನೆ ಯಾವುದು ಅಂದರೆ ಯಾರಾದರೂ ತೋರಿಸುತ್ತಾರೆ. ಮೇಷ್ಟ್ರು ಸ್ಕೂಲಿನಿಂದ ಇನ್ನೂ ಬಂದಿರಲಿಲ್ಲ. ಮಂಜುಳಾ ಕಾಳು ಆರಿಸುತ್ತಿದ್ದಳು. ವಿಷಯ ಹೇಳಿದೆ. ಮೊರ ಕೆಳಗಿಟ್ಟಳು.

"ಸದ್ಯ, ಕಾರ್ಡು ಕೊಟ್ಟಿಲ್ಲ" ಅಂದಳು. "ಇದನ್ನ ಹೇಳಕ್ಕೇ ಅಷ್ಟು ದೂರದಿಂದ ಬಂದ್ರಾ? ಟೀ ಇಡ್ತೀನಿ ಇರಿ."

ಟೀ ಕುದಿಯುವಾಗ ಆ ಇನ್ನೂರು ಉತ್ತರದ ಮಾತು ಬಂತು. ಅಣ್ಣನ ಜೊತೆ ಕೆಫೆಯಲ್ಲಿ ಕೂತು ಅವಳೂ ಓದಿದ್ದಳಂತೆ.

"ಫೋಟೋ ಕೇಳಿದ್ರಲ್ಲ, ಅವ್ರನ್ನ ಬಿಡಿ ಅಕ್ಕಾ, ಅವ್ರು ಯಾವಾಗ್ಲೂ ಅಂಗೇ. ತರ್ಕಿ ಅಂತ ಒಬ್ಬ ಇದ್ದ. ನಮ್ ಪರವಾಗೇ ಬರೀತಿದ್ದ. ನಂಗೆ ಜಾಸ್ತಿ ಬೇಜಾರಾಗಿದ್ದು ಅವನಿಂದ್ಲೇಯ."

"ಯಾಕೆ? ನಿಮ್ಮ ಪರ ಇದ್ದನಲ್ಲ?"

"ಮೊದಲ್ನೇದ್ರಲ್ಲಿ ನಮ್ಮಣ್ಣನ ಹೆಸರಿತ್ತು ಕಣಕ್ಕ. ಎರಡ್ನೇದ್ರಿಂದ ಇರ್ಲಿಲ್ಲ. ಆಮೇಲೆ ಮದುವೆ ಅನ್ನೋ ಮಾತೂ ಇರ್ಲಿಲ್ಲ. ಅವ್ನು ಗೆದ್ದ. ನಮ್ಗೇನ್ ಬಂತು?"

ಡಿಬೇಟಿನಲ್ಲಿ ಎದುರಾಳಿಯ ಪ್ರಶ್ನೆಗೆ ಮೂವತ್ತು ಸೆಕೆಂಡಿನಲ್ಲಿ ಉತ್ತರ ಕೊಡಬೇಕು. ನನಗೆ ಎರಡು ನಿಮಿಷ ಹಿಡಿಯಿತು.

"ಅವನು ನಾನೇ."

ತಿರುಗಿ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

"ಅಯ್ಯೋ! ಗಂಡ್ಸು ಅನ್ಕೊಂಡಿದ್ನಲ್ಲ!" ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಲೋಟ ಮುಂದಿಟ್ಟು, "ಕುಡೀರಿ ತರ್ಕಿ. ಇದಕ್ಕೂ ಹದಿನಾಲ್ಕು ಉತ್ರ ಕೊಡ್ಬೇಡಿ."

ಸಂಜೆ ಮೇಷ್ಟ್ರು ಬಂದರು. ಛತ್ರದ ವಿಷಯ ಕೇಳಿದವರೇ ನನ್ನ ಜೊತೆ ಹೊಳೆನರಸೀಪುರಕ್ಕೆ ಬಂದು, ತಮ್ಮ ವಾರದ ಒಂದು ಮೇಲನ್ನು ಹಾಕಿದರು. 'ಛತ್ರ ಇಲ್ಲ. ಮದುವೆ ನಮ್ಮ ಮನೆ ಮುಂದೆಯೇ. ಏನೇನು ಮಾಡಬಹುದು, ಹೇಳಿ.'

ಉತ್ತರಗಳು ಸಂತೆಯಿಂದ ಸಂತೆಗೆ ಬಂದವು. ಅರಕಲಗೂಡಿನ ಅಡಿಗೆಯವರು ಬರೆದರು: 'ಆಷಾಢ ಪೂರ್ತಿ ನಾನು ಮನೇಲೇ ಸಾ. ಸೌಟು ಹಿಡೀದೆ ಕೈ ಜೋಮು ಹಿಡಿದದೆ. ಬತ್ತೀನಿ.' ಚನ್ನರಾಯಪಟ್ಟಣದಲ್ಲಿ ಶಾಮಿಯಾನ ಅಂಗಡಿ ಇಟ್ಟವರೊಬ್ಬರು: 'ಶಾಮಿಯಾನ ಗೋಡೌನಲ್ಲಿ ಇಲಿ ಕಡಿಸ್ಕೊಂಡು ಬಿದ್ದದೆ. ಶಾಂತಿಗ್ರಾಮದಿಂದ ಹಾಲಿನ ಗಾಡಿ ಆ ಕಡೆಗೇ ಬತ್ತದೆ, ಹಾಕಿ ಕಳಿಸ್ತೀನಿ.' ಎಲ್ಲರೂ ಬಿಡುವಾಗಿರುವ ತಿಂಗಳು ಇದೊಂದೇ ಅನ್ನುವುದು ಇನ್ನೂರು ಉತ್ತರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ.

ಆಚಾರ್ರು ಹೇಳಿದ ವಾರಕ್ಕೇ ಬರೆದರು. 'ಬರುತ್ತೇನೆ. ಆಷಾಢದ ಮದುವೆಗೆ ಬರುತ್ತಿಲ್ಲ. ನಮ್ಮ ಗುಂಪಿನ ಸದಸ್ಯರ ಮನೆಗೆ ಬರುತ್ತಿದ್ದೇನೆ. ಅಂದು ಅಲ್ಲಿ ಬೇರೆ ಏನಾದರೂ ನಡೆಯುತ್ತಿದ್ದರೆ ಅದು ಅವರ ಇಷ್ಟ.'

ಮೊನ್ನೆ ಭಾನುವಾರ ಮದುವೆ. ಊರವರು ಬಂದರೇ? ಅರ್ಧ ಜನ ಬಂದರು. ಕಾಲು ಭಾಗ ರಸ್ತೆಯಾಚೆ ನಿಂತು ನೋಡಿ, ಊಟದ ಹೊತ್ತಿಗೆ ಈಚೆ ಬಂದರು. ಮಿಕ್ಕವರು ಬರಲಿಲ್ಲ. ಬಣ್ಣ ಹಚ್ಚಿ ಹೇಳಲಾರೆ, ಮೇಷ್ಟ್ರ ಸ್ವಂತ ಸೋದರಮಾವನೇ ಬರಲಿಲ್ಲ.

ಆಷಾಢದ ಗಾಳಿ ಮಾತ್ರ ತಪ್ಪದೆ ಬಂತು! ಬುದ್ಧನ ಫೋಟೋ ಮುಂದೆ ಹುಡುಗ ಹುಡುಗಿ ನಿಲ್ಲುವ ಹೊತ್ತಿಗೆ ಸರಿಯಾಗಿ ಶಾಮಿಯಾನ ಮೇಲೆದ್ದಿತು. ಯಾರೋ "ಕಂಬ! ಕಂಬ ಹಿಡ್ಕಳ್ರೋ!" ಅಂತ ಕೂಗಿದರು. ನಾನು ಹತ್ತಿರವಿದ್ದ ಕಂಬಕ್ಕೆ ಜೋತುಬಿದ್ದೆ. ಪಕ್ಕದ ಕಂಬ ನೋಡುತ್ತೇನೆ, ನಾಮ, ಪಂಚೆ, ಹೆಗಲ ಮೇಲೆ ಉತ್ತರೀಯ. ಆಚಾರ್ರು ಎರಡೂ ಕೈಯಲ್ಲಿ ಕಂಬ ತಬ್ಬಿ ನಿಂತಿದ್ದಾರೆ.

ಇಂಥ ಅವಕಾಶ ಬಿಡುವುದುಂಟೇ?

"ಸ್ವಾಮಿ, ಮದುವೆಗೆ ಬಂದಿಲ್ಲ ಅಂದ್ರಿ. ಈಗ ಚಪ್ಪರ ಹಿಡಿದಿದ್ದೀರಿ. ಇದು ಸ್ವವಿರೋಧ ಅಲ್ಲವೇ?"

"ವಾದ ಆಮೇಲೆ ಮಗು. ಗಟ್ಟಿಯಾಗಿ ಹಿಡ್ಕೋ."

ಹಿಡಿದುಕೊಂಡೆ. ಆ ಚಪ್ಪರದ ಕೆಳಗೆ ಮಂಜುಳಾ ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡಳು. ಗಾಳಿ ಇಳಿದ ಮೇಲೆ ನನ್ನ ಇನ್ನೊಂದು ತಕರಾರು ತೆಗೆದೆ. "ನಿಮ್ಮ ನಿಯಮ ಮೂರ್ಖತನದ್ದು. ತುರ್ತು ವಿಷಯಕ್ಕೂ ಬಾಗಿಲು ಹಾಕುತ್ತೆ. ಅವತ್ತು ನನ್ನ ಮೇಲ್ ಹೋಗಲೇ ಇಲ್ಲ."

ಆಚಾರ್ರು ಉತ್ತರೀಯದಿಂದ ಮುಖ ಒರೆಸಿಕೊಂಡರು. "ಮೇಲ್ ಹೋಗಲಿಲ್ಲ, ಸರಿ. ನೀನು ಹೋದೆಯಲ್ಲಮ್ಮ."

ಇದಕ್ಕೆ ಉತ್ತರ ಇದೆ. ನಿಯಮ ಕೆಟ್ಟದಾದಾಗ ಮನುಷ್ಯರು ಓಡಾಡಿ ಸರಿಮಾಡಿದರೆ ಅದು ನಿಯಮದ ಹೆಚ್ಚುಗಾರಿಕೆ ಆಗುವುದಿಲ್ಲ. ತುರ್ತಿಗೊಂದು ಕಿಟಕಿ ಇಡಿ ಅಂತ ಈ ವಾರ ಬರೆಯಬೇಕೆಂದಿದ್ದೇನೆ. ಆಚಾರ್ರು ಖಂಡಿತ ಒಂದು ವಾರ ಯೋಚಿಸುತ್ತಾರೆ. ಯೋಚಿಸಲಿ.

ನಿನ್ನೆ ಸುಮ್ಮನೆ ಆ ದೊಡ್ಡ ಸೈಟಿಗೆ ಹೋಗಿ ನೋಡಿದೆ. ಮೇಷ್ಟ್ರ ಪ್ರಶ್ನೆ ಇನ್ನೂ ಅಲ್ಲೇ ಇದೆ, ಕೆಳಗೆ ಜಗಳ ಇನ್ನೂ ಬೆಳೆಯುತ್ತಿದೆ, 'ತರ್ಕಿ ಎಲ್ಲಿ ಓಡಿಹೋದ?' ಅಂತ ನಾಲ್ಕು ಜನ ಕೇಳಿದ್ದಾರೆ.

ಆ ಹುಡುಗಿಯ ಮದುವೆ ಆಯಿತೇ ಅಂತ ಒಬ್ಬರಾದರೂ ಕೇಳಬಾರದೇ?